ಕಾದ ಎಣ್ಣೆಗೆ ಒಂದು ಖಾಲಿ ಟ್ಯಾಂಕು

ಬೆಣ್ಣೆ ಕಾಯಿಸುವಾಗ ಚಟಪಟ ಸದ್ದು ಏಕೆ ಬರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಣ್ಣೆಯೊಳಗಿನ ನೀರು ಆವಿಯಾಗಿ ಹೋಗುವವರೆಗೆ ಆ ಸದ್ದು. ಅದು ನಿಂತರೆ ತುಪ್ಪ ಹದಕ್ಕೆ ಬಂತು ಎಂದು ಲೆಕ್ಕ. ಅವಸರಪಟ್ಟು ಉರಿ ಜೋರು ಮಾಡಿದರೆ ನೊರೆ ಪಾತ್ರೆಯ ಬಾಯಿ ಮೀರಿ ಉಕ್ಕುತ್ತದೆ. ಇಷ್ಟು ತಿಳಿದಿರುವ ನಿಮಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿದೆ ಎಂದೇ ಹೇಳಬೇಕು.

ಇಲ್ಲಿ ಹೇಳಹೊರಟಿರುವುದು ಥರ್ಮಿಕ್ ಫ್ಲೂಯಿಡ್ ಹೀಟರ್ ಬಗ್ಗೆ. ಹೆಸರು ದೊಡ್ಡದು, ಕೆಲಸ ಸರಳ. ಎಣ್ಣೆಯನ್ನು ಒಲೆಯಲ್ಲಿ ಕಾಯಿಸಿ, ಪಂಪಿನಿಂದ ಪೈಪುಗಳಲ್ಲಿ ಹರಿಸಿ, ಶಾಖ ಬೇಕಾದ ಕಡೆ ಕೊಟ್ಟು, ತಣಿದ ಎಣ್ಣೆಯನ್ನು ಮತ್ತೆ ಒಲೆಗೆ ತರುತ್ತಾರೆ. ಪ್ಲೈವುಡ್, ಚಿಪ್ಸ್, ಬಟ್ಟೆ ಕಾರ್ಖಾನೆಗಳಲ್ಲಿ ಇದು ಇರುತ್ತದೆ. ನಿಮ್ಮ ಮಗನೋ ಸೊಸೆಯೋ ಅಂಥ ಕಡೆ ಕೆಲಸಕ್ಕೆ ಹೋಗುತ್ತಿರಬಹುದು. ಖೋವಾ ಮಾಡುವ ಸಣ್ಣ ಯಂತ್ರಗಳಲ್ಲೂ ಎರಡು ಪದರದ ಬಾಣಲೆಯ ನಡುವೆ ಇಂಥ ಎಣ್ಣೆ ತುಂಬಿದ ಮಾದರಿಗಳಿವೆ. ಸಂಘದ ಮಹಿಳೆಯರೆಲ್ಲ ಸೇರಿ ಪೇಡ ಘಟಕ ಹಾಕೋಣ ಎಂಬ ಯೋಚನೆ ಇದ್ದರೆ ಇದು ನಿಮ್ಮದೇ ವಿಷಯ.

ಡೇರಿಯಲ್ಲಿ ಹಾಲು ಪಾಶ್ಚರೀಕರಣಕ್ಕೆ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು. ಅದಕ್ಕೆ ಬಾಯ್ಲರಿನ ಹಬೆ ಧಾರಾಳ. ಆದರೆ 250 ಡಿಗ್ರಿ ಶಾಖ ಬೇಕೆಂದರೆ ಹಬೆಯ ಒತ್ತಡ ಹೊರಗಿನ ಗಾಳಿಯ ಸುಮಾರು 40 ಪಟ್ಟು ಏರುತ್ತದೆ. ಎಣ್ಣೆಗೆ ಆ ಒತ್ತಡ ಬೇಕಿಲ್ಲ. ‘ಒತ್ತಡವಿಲ್ಲ, ಹಾಗಾಗಿ ಅಪಾಯವಿಲ್ಲ’ ಎನ್ನುವವರು ಅಲ್ಲಿಯೇ ಎಡವುವುದು.

ಕಾದ ಎಣ್ಣೆ ಹಿಗ್ಗುತ್ತದೆ. ತಣ್ಣಗಿದ್ದಾಗ 1,000 ಲೀಟರ್ ಇದ್ದದ್ದು 280 ಡಿಗ್ರಿ ಹೊತ್ತಿಗೆ ಸುಮಾರು 200 ಲೀಟರ್ ಹೆಚ್ಚಾಗುತ್ತದೆ. ಆ ಹೆಚ್ಚುವರಿ ನಿಲ್ಲಲು ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಟ್ಯಾಂಕು ಇಡುತ್ತಾರೆ. ಅದರ ಗಾಳಿ ಕೊಳವೆ ಸದಾ ತೆರೆದಿರಬೇಕು. ಅಲ್ಲಿಯೂ ಜಾಗ ಸಾಲದೆ ಉಕ್ಕಿದರೆ ಎಣ್ಣೆ ನೆಲಕ್ಕೆ, ಉರಿಯುವ ಒಲೆಯ ಮೇಲೆ ಬೀಳಬಾರದು. ಪೈಪಿನಲ್ಲಿ ಕೆಳಗಿನ ಇನ್ನೊಂದು ಟ್ಯಾಂಕಿಗೆ ಇಳಿಯಬೇಕು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಕೆಳಗಿನ ಟ್ಯಾಂಕಿನ ಮಾತು. ಹೆಚ್ಚಿನವರು ಇದನ್ನು ಎಣ್ಣೆ ಶೇಖರಿಸುವ ತೊಟ್ಟಿ ಎಂದುಕೊಳ್ಳುತ್ತಾರೆ. ಅದರ ನಿಜವಾದ ಕೆಲಸ ಖಾಲಿ ಇರುವುದು.

ಕರೆಂಟು ಹೋಯಿತು ಎಂದುಕೊಳ್ಳಿ. ನಮ್ಮ ಕಡೆ ಅದೇನು ಅಪರೂಪವೇ? ಪಂಪು ನಿಂತಿತು, ಎಣ್ಣೆ ಪೈಪಿನಲ್ಲೇ ನಿಂತಿತು. ಗ್ಯಾಸ್ ಒಲೆಯಾದರೆ ತಾನೇ ಆರುತ್ತದೆ. ಸೌದೆ ಒಲೆಯ ಕೆಂಡಕ್ಕೆ ಸ್ವಿಚ್ ಎಲ್ಲಿದೆ? ನಿಂತ ಎಣ್ಣೆ ಮಿತಿಮೀರಿ ಕಾದು, ಒಡೆದು, ಕರಿ ಕಟ್ಟುತ್ತದೆ. ಕೊಳವೆ ಸುಟ್ಟು ತೂತಾದರೆ ಎಣ್ಣೆ ಸೀದಾ ಬೆಂಕಿಗೇ ಸುರಿಯುತ್ತದೆ. ಆಗ ಕಾಯುವುದು ಭೂಮಿಯ ಸೆಳೆತ ಮಾತ್ರ. ವಾಲ್ವು ತೆರೆದರೆ ಮೇಲಿನ ಟ್ಯಾಂಕಿನ ತಂಪು ಎಣ್ಣೆ ಒಲೆಯ ಕೊಳವೆಯೊಳಗೆ ಹಾದು, ಬಿಸಿ ಎಣ್ಣೆಯನ್ನು ಮುಂದೆ ತಳ್ಳಿ, ಕೆಳಗಿನ ಟ್ಯಾಂಕಿಗೆ ಇಳಿಯುತ್ತದೆ. ಕರೆಂಟು ಬೇಕಿಲ್ಲ. ಕೆಳಗೆ ಜಾಗ ಮಾತ್ರ ಇರಬೇಕು.

ಖಾಲಿ ಟ್ಯಾಂಕು ಕಂಡರೆ ಮನುಷ್ಯರಿಗೆ ಸಮಾಧಾನವಿಲ್ಲ. ಹಳೆ ಎಣ್ಣೆ ಸುರಿಯುತ್ತಾರೆ, ಡೀಸೆಲ್ ತುಂಬಿಡುತ್ತಾರೆ. ಇನ್ನೂ ಕೆಟ್ಟದ್ದು, ಮಳೆಗಾಲದಲ್ಲಿ ನೀರು ಸೇರಿ ತಳದಲ್ಲಿ ನಿಂತಿರುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರ್ ಜಾಗ ಕೇಳುತ್ತದೆ. ಅದರ ಮೇಲೆ 250 ಡಿಗ್ರಿ ಎಣ್ಣೆ ಬಿದ್ದರೆ ಟ್ಯಾಂಕಿನ ಬಾಯಿಂದ ಉರಿಯುವ ಮಳೆಯೇ ಸುರಿದಂತೆ. ಬೆಣ್ಣೆಯ ಚಟಪಟವೇ ಇದು, ಗಾತ್ರ ಮಾತ್ರ ಬೇರೆ. ಅದಕ್ಕೇ ತಳದ ನಲ್ಲಿಯಿಂದ ಆಗಾಗ ನೀರು ಬಸಿದು ನೋಡಬೇಕು. ಹೊಸ ಎಣ್ಣೆ ತುಂಬಿದಾಗ, ಬಹಳ ದಿನ ನಿಂತ ಯಂತ್ರ ಶುರು ಮಾಡುವಾಗ, 100 ಡಿಗ್ರಿಯ ಆಸುಪಾಸಿನಲ್ಲಿ ನಿಧಾನಿಸಿ, ತೇವವೆಲ್ಲ ಹೋದ ಮೇಲೆಯೇ ಉರಿ ಏರಿಸಬೇಕು. ನಿಮಗಿರುವ ತಾಳ್ಮೆ ಅಲ್ಲಿನ ಗಂಡಸರಿಗೂ ಇದ್ದರೆ ಒಳ್ಳೆಯದು!

ಮಕ್ಕಳು ಅಂಥ ಕಾರ್ಖಾನೆಯಲ್ಲಿದ್ದರೆ ಊಟಕ್ಕೆ ಕೂತಾಗ ಒಂದು ಮಾತು ಕೇಳಿ: ಕೆಳಗಿನ ಟ್ಯಾಂಕು ಇವತ್ತು ಖಾಲಿ ಇದೆಯೇ, ಕರೆಂಟು ಹೋದರೆ ವಾಲ್ವು ತೆರೆಯುವವರು ಯಾರು? ಉತ್ತರ ತಡವರಿಸಿದರೆ ಮೇಲ್ವಿಚಾರಕರ ಬಳಿ ವಿಚಾರಿಸಲು ಹೇಳಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಅಲ್ಲಿಯೂ ಆಗದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಇದೆ.

ಸಣ್ಣ ಖೋವಾ ಯಂತ್ರಕ್ಕೆ ಇಷ್ಟೆಲ್ಲ ಸಲಕರಣೆ ಇರುವುದಿಲ್ಲ. ಮೇಲೊಂದು ಪುಟ್ಟ ಡಬ್ಬಿ, ಒಂದು ಗಾಳಿ ಕೊಳವೆ, ಅಷ್ಟೇ. ಆ ಕೊಳವೆಗೆ ವಾಸನೆ ಬರುತ್ತದೆಂದು ಬಟ್ಟೆ ತುರುಕಬೇಡಿ, ಯಂತ್ರ ತೊಳೆಯುವಾಗ ಅದರೊಳಗೆ ನೀರು ಹೋಗಲು ಬಿಡಬೇಡಿ. ಕೊಳ್ಳುವಾಗ ಎಣ್ಣೆ ಆಹಾರ ಘಟಕಕ್ಕೆ ತಕ್ಕದ್ದೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮಟ್ಟ ಇಳಿಯುತ್ತಿದ್ದರೆ ಸುಮ್ಮನೆ ತುಂಬಿಸುತ್ತಾ ಹೋಗಬೇಡಿ. ಎಲ್ಲಿ ಸೋರುತ್ತಿದೆ ಎಂದು ಪತ್ತೆಯಾಗುವವರೆಗೆ ಯಂತ್ರ ನಿಲ್ಲಿಸಿ, ಏಕೆಂದರೆ ಅದು ಖೋವಾದೊಳಗೇ ಸೋರುತ್ತಿರಬಹುದು. ಬೆಂಕಿ ಹೊತ್ತಿಕೊಂಡರೆ ನೀರು ಎರಚಲೇಬಾರದು. ಒಣ ಪುಡಿಯ ಅಗ್ನಿಶಾಮಕ ಸಿಲಿಂಡರನ್ನು ಬಾಗಿಲ ಬಳಿಯೇ ತೂಗುಹಾಕಿ, ಯಂತ್ರದ ಹಿಂದಿನ ಮೂಲೆಯಲ್ಲಿ ಅಲ್ಲ.