ಗೇಮ್ ಸರ್ವರ್ ತಾನಾಗಿ ಏಳಬೇಕೆ? ಮೊದಲು ಪೋರ್ಟ್ ತೆರವಾಗಲಿ

ಮೈನ್‌ಕ್ರಾಫ್ಟ್ ಆಟದಲ್ಲಿ ಗೆಳೆಯರ ಗುಂಪೊಂದು ತಿಂಗಳುಗಟ್ಟಲೆ ಕೂಡಿ ಕಟ್ಟಿದ ಕೋಟೆ, ಹೊಲ, ಸೇತುವೆಗಳೆಲ್ಲ ಇರುವುದು ಒಂದು ಸರ್ವರ್‌ನ ಕಡತಗಳಲ್ಲಿ. ಆ ಸರ್ವರ್ ನಡುರಾತ್ರಿ ಸ್ಥಗಿತಗೊಂಡರೆ ಎಬ್ಬಿಸುವವರು ಯಾರು? ಇದಕ್ಕೆಂದೇ ನಿರ್ವಾಹಕರು ಸ್ವಯಂಚಾಲಿತ ಮರುಚಾಲನೆಯ ಏರ್ಪಾಡು ಮಾಡಿಕೊಳ್ಳುತ್ತಾರೆ. ಆದರೂ ಕೆಲವೊಮ್ಮೆ ಬೆಳಿಗ್ಗೆ ನೋಡಿದರೆ ಸರ್ವರ್ ಎದ್ದಿರುವುದಿಲ್ಲ. ಪೋರ್ಟ್ ದೊರೆಯಲಿಲ್ಲ, ಬೇರೊಂದು ಸರ್ವರ್ ಅದನ್ನು ಬಳಸುತ್ತಿರಬಹುದು ಎಂಬರ್ಥದ ಸಂದೇಶವಷ್ಟೇ ಲಾಗ್ ಕಡತದಲ್ಲಿ ಉಳಿದಿರುತ್ತದೆ.

ಏನಿದು ಪೋರ್ಟ್?

ಒಂದೇ ಗಣಕದಲ್ಲಿ ಹಲವು ತಂತ್ರಾಂಶಗಳು ಅಂತರ್ಜಾಲದೊಂದಿಗೆ ವ್ಯವಹರಿಸುತ್ತವೆ. ಬಂದ ಮಾಹಿತಿ ಯಾವ ತಂತ್ರಾಂಶಕ್ಕೆ ಸೇರಬೇಕೆಂಬುದನ್ನು ತಿಳಿಸುವ ಸಂಖ್ಯೆಯೇ ಪೋರ್ಟ್. ವಠಾರದ ವಿಳಾಸ ಒಂದೇ ಆದರೂ ಮನೆಗಳ ಸಂಖ್ಯೆ ಬೇರೆ ಬೇರೆ ಇರುವಂತೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ ರೂಢಿಯ ಪೋರ್ಟ್ 25565. ಸಾಮಾನ್ಯವಾಗಿ ಒಂದು ಪೋರ್ಟ್‌ನಲ್ಲಿ ಒಂದು ಸಮಯಕ್ಕೆ ಒಂದೇ ಸರ್ವರ್ ಕಾದು ಕುಳಿತಿರಬಹುದು.

ಸಂಘರ್ಷ ಏಕೆ?

ಮುಖ್ಯ ಕಾರಣ, ಹಳೆಯ ಸರ್ವರ್ ಪೂರ್ತಿ ನಿಂತಿರುವುದಿಲ್ಲ. ಅದು ಆಟದ ಲೋಕವನ್ನು ಡಿಸ್ಕ್‌ಗೆ ಉಳಿಸುತ್ತಿರಬಹುದು, ಇಲ್ಲವೇ ಸ್ತಬ್ಧಗೊಂಡಿದ್ದರೂ ಪೋರ್ಟ್ ಬಿಡದೆ ಹಿಡಿದಿರಬಹುದು. ಇಬ್ಬರು ಕಾವಲುಗಾರರಿದ್ದರೂ ಇದೇ ಪಾಡು: ಒಂದು ಸ್ಕ್ರಿಪ್ಟ್ ಸರ್ವರನ್ನು ಎಬ್ಬಿಸಿದ ಬೆನ್ನಲ್ಲೇ ಕ್ರಾನ್ ಮತ್ತೊಂದನ್ನು ಆರಂಭಿಸುತ್ತದೆ.

ಟಿಸಿಪಿ ನಿಯಮವೂ ಒಂದು ಕಾರಣವಾಗಬಲ್ಲದು. ಸಂಪರ್ಕ ಮುಗಿದ ಬಳಿಕವೂ ತಡವಾಗಿ ಬರುವ ಮಾಹಿತಿ ಗೊಂದಲ ಉಂಟುಮಾಡದಿರಲೆಂದು ಅದರ ಗುರುತನ್ನು ಕೆಲಕಾಲ ಕಾಯ್ದಿಡಲಾಗುತ್ತದೆ. 1981ರ ಟಿಸಿಪಿ ಮಾನದಂಡದಂತೆ ಈ ಅವಧಿ 4 ನಿಮಿಷ. ಲಿನಕ್ಸ್‌ನಲ್ಲಿ 60 ಸೆಕೆಂಡ್. ಆದರೆ ಈ ಅವಧಿಯಲ್ಲೂ ಪೋರ್ಟ್ ಮರುಬಳಸಲು ಸರ್ವರ್ ತಂತ್ರಾಂಶಗಳು ಸಾಮಾನ್ಯವಾಗಿ ಅನುಮತಿ ಕೇಳಿಕೊಂಡೇ ಇರುತ್ತವೆ. ಹಾಗಾಗಿ ಮೊದಲು ಶಂಕಿಸಬೇಕಾದದ್ದು ಇನ್ನೂ ಜೀವಂತವಿರುವ ಹಳೆಯ ಸರ್ವರನ್ನೇ.

ಅಡ್ಡದಾರಿ ಅಪಾಯ

ಪೋರ್ಟ್ ಸಂಖ್ಯೆಯನ್ನು 25566ಕ್ಕೆ ಬದಲಿಸಿದರೆ ಸಂದೇಶ ಮಾಯವಾಗಬಹುದು. ಆದರೆ ಹಳೆಯ ವಿಳಾಸ ಉಳಿಸಿಕೊಂಡ ಆಟಗಾರರಿಗೆ ಬಾಗಿಲು ಮುಚ್ಚುತ್ತದೆ. ಹಳೆಯ ಸರ್ವರನ್ನು 'ಕಿಲ್ ಮೈನಸ್ 9' ಆದೇಶದಿಂದ ಕೊಂದರೆ ಪೋರ್ಟ್ ಕೂಡಲೇ ತೆರವಾಗುತ್ತದೆ ನಿಜ. ಆದರೆ ಲೋಕವನ್ನು ಉಳಿಸುವ ಅವಕಾಶವೇ ಅದಕ್ಕಿರುವುದಿಲ್ಲ. ಬರೆಯುವಾಗಲೇ ನಿಂತ ಕಡತ ಕೆಟ್ಟರೆ ತಿಂಗಳುಗಳ ಶ್ರಮ ವ್ಯರ್ಥ.

ಸರಿದಾರಿ

ಸರ್ವರನ್ನು ಕಾಯುವ ಹೊಣೆ ಒಬ್ಬರಿಗೇ ಇರಬೇಕು. ಇಂದಿನ ಹೆಚ್ಚಿನ ಲಿನಕ್ಸ್ ವ್ಯವಸ್ಥೆಗಳಲ್ಲಿರುವ ಸಿಸ್ಟಂ-ಡಿ ಇದಕ್ಕೆ ತಕ್ಕುದು. ಸರ್ವರನ್ನು ನೇರವಾಗಿ ಅದರ ಸೇವೆಯಾಗಿ ನಡೆಸಿದರೆ, ಆ ಸೇವೆಗೆ ಸೇರಿದ ಪ್ರಕ್ರಿಯೆಗಳನ್ನು ನಿಲ್ಲಿಸಿದ ನಂತರವೇ ಅದು ಮರುಚಾಲನೆ ನೀಡುತ್ತದೆ. ನಿಲ್ಲಿಸುವಾಗ ಮೊದಲು ಸೌಮ್ಯ ಸೂಚನೆ ಕಳುಹಿಸುತ್ತದೆ. ಅದನ್ನು ಪಡೆದ ಮೈನ್‌ಕ್ರಾಫ್ಟ್ ಸರ್ವರ್ ಲೋಕವನ್ನು ಉಳಿಸಿ ನಿರ್ಗಮಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 90 ಸೆಕೆಂಡ್ ಗಡುವಿದ್ದು, ಆಮೇಲೆ ಬಲವಂತದ ಅಂತ್ಯ. ದೊಡ್ಡ ಲೋಕಗಳಿಗೆ ಈ ಗಡುವನ್ನು ಹೆಚ್ಚಿಸುವುದು ಲೇಸು.

ಮರುಚಾಲನೆಗೆ ಮುನ್ನ ಸಿಸ್ಟಂ-ಡಿ ತಾನಾಗಿ ಕಾಯುವುದು ಕೇವಲ 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಬಾರಿ ಆರಂಭಿಸಿಯೂ ಸೇವೆ ನೆಲೆ ನಿಲ್ಲದಿದ್ದರೆ ಪ್ರಯತ್ನ ಕೈಬಿಡುತ್ತದೆ. ಆದ್ದರಿಂದ ಈ ಬಿಡುವನ್ನು ಅರ್ಧ ನಿಮಿಷದಷ್ಟಾದರೂ ಇಡುವುದು ಕ್ಷೇಮ. ಸ್ವಂತ ಸ್ಕ್ರಿಪ್ಟ್ ಬಳಸುವವರು ಹಳೆಯ ಪ್ರಕ್ರಿಯೆ ಮುಗಿಯುವವರೆಗೆ ಕಾಯಬೇಕು, 'ಎಸ್‌ಎಸ್' ಆದೇಶದಿಂದ ಪೋರ್ಟ್ ತೆರವಾದದ್ದನ್ನು ಖಚಿತಪಡಿಸಿಕೊಳ್ಳಬೇಕು, ಎರಡನೇ ಪ್ರತಿ ಓಡದಂತೆ 'ಎಫ್‌ಲಾಕ್' ಬೀಗ ಹಾಕಬೇಕು.

ಬಿದ್ದ ಸರ್ವರನ್ನು ಎಬ್ಬಿಸುವುದು ಸುಲಭ. ಹಳೆಯದು ತನ್ನ ಕೆಲಸ ಮುಗಿಸಿ ಹೊರಡುವವರೆಗೆ ಕಾಯುವ ತಾಳ್ಮೆಯನ್ನು ಯಂತ್ರಕ್ಕೂ ಕಲಿಸುವುದೇ ಇಲ್ಲಿನ ಮುಖ್ಯ ಪಾಠ.