ಗಾರೆಯಿಲ್ಲದ ಗೋಡೆಯ ವಿವೇಕ

ಮಳೆಗಾಲ ಬಂತೆಂದರೆ ನಗರಗಳಲ್ಲಿ ಗೋಡೆ ಕುಸಿದ ಸುದ್ದಿಗೆ ಬರವಿಲ್ಲ. ಇಳಿಜಾರಿನ ಮಣ್ಣನ್ನು ತಡೆಯಲೆಂದು ಕಟ್ಟಿದ ಗೋಡೆಗಳಿಗೆ ಈ ಅಪಾಯ ಹೆಚ್ಚು. ಸಿಮೆಂಟು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೀರಿಗೆ ಹೊರದಾರಿ ಬಿಡದಿದ್ದರೆ ನೆನೆದ ಮಣ್ಣಿನ ಭಾರಕ್ಕೆ ನೀರಿನ ಒತ್ತಡವೂ ಸೇರಿ ಗೋಡೆ ಮುಂದಕ್ಕೆ ವಾಲುತ್ತದೆ. ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗೆ ಈ ಕಂಟಕವಿಲ್ಲ. ಅದರ ಸಂದುಸಂದಿನಿಂದಲೂ ನೀರು ಜಿನುಗಿ ಹೋಗುತ್ತದೆ. ನೆಲ ತುಸು ಕದಲಿದರೆ ಅದು ಬಿರುಕು ಬಿಡದೆ ಕದಲಿ ಮತ್ತೆ ಕೂರುತ್ತದೆ.

ನೋಡುವವರಿಗೆ ಅದು ಕಲ್ಲಿನ ಮೇಲೊಂದು ಕಲ್ಲು, ಅಷ್ಟೇ. ಕಟ್ಟುವವರಿಗೆ ಅದೊಂದು ವ್ಯಾಕರಣ. ಮೇಲ್ಮಣ್ಣು ತೆಗೆದು ಗಟ್ಟಿ ನೆಲದ ಮೇಲೆ ದೊಡ್ಡ ಕಲ್ಲುಗಳನ್ನು ಹೂಡಬೇಕು. ಬುಡದ ಅಗಲ ಎತ್ತರದ ಅರ್ಧದಷ್ಟಾದರೂ ಇರಬೇಕು. ಮೇಲೇರಿದಂತೆ ಗೋಡೆ ಎರಡೂ ಕಡೆ ಒಳಕ್ಕೆ ಬಾಗಬೇಕು. ಕಲ್ಲಿನ ಉದ್ದ ಗೋಡೆಯ ಒಳಕ್ಕಿರಬೇಕೇ ಹೊರತು ಅಂದಕ್ಕೆಂದು ಮುಖಕ್ಕಿರಬಾರದು. ಎರಡು ಕಲ್ಲುಗಳ ಸಂದನ್ನು ಮೇಲಿನ ಕಲ್ಲು ಮುಚ್ಚಬೇಕು. ನಡುಎತ್ತರದಲ್ಲಿ ಎರಡೂ ಮುಖಗಳನ್ನು ಹೆಣೆಯುವ ಉದ್ದಗಲ್ಲುಗಳಿರಬೇಕು. ಒಳಗಿನ ಟೊಳ್ಳಿಗೆ ಮಣ್ಣು ಸುರಿಯದೆ ಚಕ್ಕೆಗಲ್ಲು ಬಿಗಿಯಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. ಹಂಪಿಯ ಕೋಟೆಗೋಡೆಗಳಲ್ಲಿ ಬೃಹತ್ ಗ್ರಾನೈಟ್ ಬಂಡೆಗಳು ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಕಚ್ಚಿಕೊಂಡು ನಿಂತಿವೆ. ಕರಾವಳಿಯ ತೋಟಗಳಲ್ಲಿ ಮುರಕಲ್ಲಿನ ಪಾಗಾರಗಳಿವೆ. ಬಯಲುಸೀಮೆಯ ರೈತ ಹೊಲ ಹಸನು ಮಾಡುವಾಗ ಆರಿಸಿದ ಕಲ್ಲುಗಳೇ ಬದುವಿನ ಗೋಡೆಯಾದವು. ಅವುಗಳ ಸಂದುಗಳಲ್ಲಿ ಹಾವಸೆ, ಜರಿಗಿಡ, ಹಾವುರಾಣಿ, ಕಪ್ಪೆಗಳಿಗೂ ಮನೆಯಾಯಿತು.

ಒಣಗಲ್ಲಿನ ಗೋಡೆ ಕಟ್ಟುವ ಕಲೆಯನ್ನು ಯುನೆಸ್ಕೊ 2018ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಗ್ರೀಸ್, ಇಟಲಿ, ಫ್ರಾನ್ಸ್ ಸೇರಿದಂತೆ ಯುರೋಪಿನ 8 ದೇಶಗಳಿದ್ದವು. 2024ರಲ್ಲಿ ಐರ್ಲೆಂಡ್ ಮೊದಲಾದ 5 ದೇಶಗಳು ಸೇರಿದವು. ಇದೇ ಕಲೆ ಬಲ್ಲ ನಮ್ಮ ಕಲ್ಲುಕುಟಿಗನಾದರೋ ಕಾಂಕ್ರೀಟ್ ಗೋಡೆಗೆ ತೆಳುಗಲ್ಲಿನ ಹಾಳೆ ಅಂಟಿಸುವ ಕೂಲಿಯಾಗುತ್ತಿದ್ದಾನೆ. ನಾವು ಕಲ್ಲಿನ ತೋರಿಕೆಗೆ ಹಣ ಕೊಡುತ್ತೇವೆ, ಕಲ್ಲಿನ ವಿದ್ಯೆಗೆ ಕೊಡುವುದಿಲ್ಲ.

ಹಾಗೆಂದು ಎಲ್ಲೆಡೆ ಕಲ್ಲುಗೋಡೆಯೇ ಆಗಬೇಕೆಂದಲ್ಲ. ಅದಕ್ಕೆ ಜಾಗ ಬೇಕು. 30X40ರ ನಿವೇಶನದಲ್ಲಿ ಎರಡಡಿ ಅಗಲದ ಗೋಡೆ ದುಬಾರಿ. ಎತ್ತರದ ತಡೆಗೋಡೆಗೆ ಎಂಜಿನಿಯರರ ಲೆಕ್ಕಾಚಾರ ಬೇಕು. ತೋಟದ ಅಂದಕ್ಕಾಗಿ ಇನ್ನೊಂದು ಗುಡ್ಡ ಸಿಡಿಸುವುದೂ ಸಲ್ಲದು. ಕಲ್ಲಿನ ದೂಳು ಕೆಲಸಗಾರರ ಶ್ವಾಸಕೋಶವನ್ನು ತಿನ್ನುವ ಸತ್ಯವನ್ನು ಮರೆಯಬಾರದು. ಆದರೆ ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ ತಳಪಾಯದ ಕಲ್ಲುಗಳನ್ನು ಹೊಸದಾಗಿ ಒಡೆಯಬೇಕಿಲ್ಲ. ಅವನ್ನು ಆರಿಸಿ ಜೋಡಿಸಿದರೆ ಸಾಕು.

ಉದ್ಯಾನಗಳ, ಕೆರೆದಂಡೆಗಳ ತಗ್ಗು ಗೋಡೆಗಳನ್ನಾದರೂ ನಗರಪಾಲಿಕೆಗಳು ಹೀಗೆ ಕಟ್ಟಿಸಬಹುದು. ಬಲ್ಲವರಿಗೆ ಕುಶಲಕರ್ಮಿಯ ವೇತನ ಕೊಟ್ಟು, ಅವರ ಕೈಕೆಳಗೆ ನಾಲ್ವರು ಯುವಕರನ್ನು ಕಲಿಕೆಗೆ ಬಿಡಬಹುದು. ಕಲ್ಲು ನೂರಾರು ವರ್ಷ ಕಾಯುತ್ತದೆ. ಅದನ್ನು ಕೂರಿಸಬಲ್ಲ ಕೈ ಒಂದು ತಲೆಮಾರಿಗಿಂತ ಹೆಚ್ಚು ಕಾಯಲಾರದು.