ಆರದ ಹಳದಿ ದೀಪ: ಮಾಲೇಗಾಂವದಲ್ಲಿ ಒಂದು ಪಿಕಪ್ ವಾಹನದ ತಪಾಸಣೆ

ಬೆರಳ ತುದಿಯಷ್ಟು ಗಾತ್ರದ ಒಂದು ದೀಪವು ಬಡ ನೌಕರನೊಬ್ಬನ ಮಾನಕ್ಕೆ ಎರವಾಗಬಲ್ಲುದೆಂದೂ, ಅದೇ ದೀಪವು ಆ ಮಾನವನ್ನು ಮರಳಿ ತಂದುಕೊಡಬಲ್ಲುದೆಂದೂ ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಮಾಲೇಗಾಂವಕ್ಕೆ ಹೋಗಿದ್ದಾಗ ಅದನ್ನು ಕಣ್ಣಾರೆ ಕಂಡೆವು.

ನಾಸಿಕದಿಂದ ಆಗ್ರಾ ಹೆದ್ದಾರಿಯಲ್ಲಿ ಸುಮಾರು ನೂರು ಕಿಲೋಮೀಟರು ಸಾಗಿದರೆ ದೊರೆಯುವ ಈ ಊರಿನಲ್ಲಿ ವಿದ್ಯುತ್ ಮಗ್ಗಗಳ ಸದ್ದು ಹಗಲಿರುಳೂ ಕೇಳುತ್ತಿರುತ್ತದೆ. ಸುತ್ತಲ ಹಳ್ಳಿಗಳೆಲ್ಲ ಈರುಳ್ಳಿಯ ಸೀಮೆ. ಇಲ್ಲಿ ಹೊಟೇಲು ನಡೆಸುತ್ತಿರುವ ನಮ್ಮ ಪರಿಚಿತರೊಬ್ಬರು ವಾರಕ್ಕೆರಡಾವರ್ತಿ ತಮ್ಮ ಡೀಸೆಲ್ ಪಿಕಪ್ಪಿನಲ್ಲಿ ಈರುಳ್ಳಿಯ ಚೀಲಗಳನ್ನು ಹೇರಿ ನಾಸಿಕದ ತಮ್ಮ ಇನ್ನೊಂದು ಹೊಟೇಲಿಗೆ ಕಳುಹಿಸುವ ಪರಿಪಾಠವಿರಿಸಿಕೊಂಡಿದ್ದಾರೆ. ಚಾಲಕನು ಕುಂದಾಪುರದ ಕಡೆಯ ತರುಣ. ತಟ್ಟೆ ತೊಳೆಯುವ ಕೆಲಸದಿಂದ ಮೇಲೇರಿ ಲೈಸೆನ್ಸು ಪಡೆದವನು.

ಜೂನ್ ತಿಂಗಳಲ್ಲಿ ಆ ವಾಹನದ ಫಲಕದ ಮೇಲೆ ಎಂಜಿನಿನ ಆಕಾರದ ಹಳದಿ ದೀಪವು ಬೆಳಗಿತು. ಮೊದಲನೆಯ ಗ್ಯಾರೇಜಿನವರು ಬ್ಯಾಟರಿಯ ತಂತಿ ಕಳಚಿ ಮತ್ತೆ ಜೋಡಿಸಿದರು, ದೀಪ ಆರಿತು. ನಾಲ್ಕನೆಯ ದಿನ ಪುನಃ ಪ್ರತ್ಯಕ್ಷ. ಎರಡನೆಯವರು ಒಂದು ಸೆನ್ಸರನ್ನು ಬದಲಾಯಿಸಿದರು. ಅದಕ್ಕೂ ವಾರದಷ್ಟೇ ಆಯುಸ್ಸು. ಮೂರನೆಯವರು ಟರ್ಬೊ ಹೋಗಿದೆಯೆಂದು ಹೇಳಿ, ಚಾಲಕನ ನಾಲ್ಕು ತಿಂಗಳ ಸಂಬಳವನ್ನು ಮೀರುವ ಲೆಕ್ಕ ಬರೆದುಕೊಟ್ಟರು. ಇಷ್ಟರಲ್ಲಿ ಇನ್ನೊಂದು ಅನರ್ಥವೂ ಒದಗಿತು. ಲೀಟರಿಗೆ 13 ಕಿಲೋಮೀಟರು ಓಡುತ್ತಿದ್ದ ಗಾಡಿ 10ಕ್ಕೆ ಇಳಿಯಿತು. ಹುಡುಗನು ದಾರಿಯಲ್ಲಿ ಡೀಸೆಲ್ ಮಾರಿಕೊಂಡು ಏನನ್ನೋ ಬೆರೆಸುತ್ತಿರಬೇಕು, ದೀಪಕ್ಕೂ ಅದೇ ಕಾರಣವಾಗಿರಬೇಕು ಎಂದು ಯಜಮಾನರು ತೀರ್ಮಾನಿಸಿ ಅವನ ಸಂಬಳದಿಂದ ಮುರಿದುಕೊಳ್ಳತೊಡಗಿದರು. ಯಜಮಾನರು ದುಷ್ಟರೇನೂ ಅಲ್ಲ. ಆದರೆ ಲೆಕ್ಕ ತಪ್ಪಿದಾಗ ಎದುರಿಗಿರುವ ನೌಕರನ ಮೇಲೆ ಕಣ್ಣು ಬೀಳುವುದನ್ನು ಹೊಟೇಲುಗಳಲ್ಲಿ ದುಡಿದ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ.

ಈ ದೀಪದ ಸ್ವರೂಪವನ್ನು ಇಲ್ಲಿ ಸ್ವಲ್ಪ ತಿಳಿಸುವುದು ಅವಶ್ಯ. ಹೊಗೆಯ ಉಪದ್ರವವನ್ನು ತಡೆಯುವುದಕ್ಕಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು 1988ರ ಮಾದರಿಯಿಂದ ಮೊದಲ್ಗೊಂಡು ಹೊಸ ಕಾರುಗಳು ತಮ್ಮ ದೋಷವನ್ನು ತಾವೇ ಗುರುತಿಸಿಕೊಳ್ಳತಕ್ಕದ್ದೆಂದು ವಿಧಿಸಿತು. 1996ರಿಂದ ಆ ದೇಶದ ಎಲ್ಲ ಹೊಸ ಕಾರುಗಳಿಗೂ ಸಮಾನ ಸಂಕೇತಗಳ ಪದ್ಧತಿ ಬಂದಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಂದು ಬಿ.ಎಸ್. 4ರಿಂದ ನೇರವಾಗಿ ಬಿ.ಎಸ್. 6ಕ್ಕೆ ನೆಗೆದಾಗ ಈ ಕಾವಲು ಇನ್ನಷ್ಟು ಬಿಗಿಯಾಯಿತು. ಚಕ್ರದ ಕೆಳಭಾಗದಲ್ಲಿ ಹದಿನಾರು ಮೊಳೆಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚಿಕ್ಕ ಯಂತ್ರವನ್ನು ಜೋಡಿಸಿದರೆ ಒಂದು ಅಕ್ಷರವೂ ನಾಲ್ಕು ಅಂಕಿಗಳೂ ಉಳ್ಳ ಸಂಕೇತವು ಹೊರಬೀಳುತ್ತದೆ.

ಜನರು ಎಡವುವುದು ಇಲ್ಲಿಯೇ. ಸಂಕೇತವು ಯಾವ ಭಾಗವನ್ನು ಕೊಳ್ಳಬೇಕೆಂದು ಹೇಳುವುದಿಲ್ಲ. ಗುಮಾಸ್ತರಾದ ವಾಚಕರು ತಾಳೆಪಟ್ಟಿಯನ್ನು ನೆನೆಯಲಿ: ದಿನದ ಕೊನೆಗೆ ಮೊತ್ತ ಕೂಡಲಿಲ್ಲವೆಂಬುದಷ್ಟೇ ಪಟ್ಟಿಯಿಂದ ತಿಳಿಯುತ್ತದೆ, ತಪ್ಪು ಯಾವ ಪುಟದಲ್ಲಿದೆ, ಯಾರ ಕೈಯದು ಎಂಬುದನ್ನು ಹುಡುಕಬೇಕಾದವರು ನಾವೇ. ಈ ಗಾಡಿಯ ಸಂಕೇತ ಪಿ-0299 ಆಗಿತ್ತು. ಟರ್ಬೊ ಒದಗಿಸಬೇಕಾದ ಗಾಳಿಯ ಒತ್ತಡ ಎಂಜಿನಿಗೆ ತಲಪಲಿಲ್ಲವೆಂದು ಅದರ ಅರ್ಥ. ಟರ್ಬೊ ಸತ್ತಿದೆಯೆಂದಲ್ಲ.

ನಾವೂ ಯಜಮಾನರೂ ಕೂಡಿ ಗಾಡಿಯನ್ನು ಮೋಸಂ ನದಿಯ ಆಚೆಗಿನ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಒಯ್ದೆವು. ಪೂರ್ವದಲ್ಲಿ ಮಗ್ಗದ ಫಿಟ್ಟರಾಗಿದ್ದವರು. ಅವರ ಉರ್ದುವು ನಮ್ಮ ಹುಬ್ಬಳ್ಳಿ–ವಿಜಾಪುರದ ಕಡೆಯವರಿಗೆ ಅಪರಿಚಿತವೆನಿಸದು. ಅವರು ಮೊದಲು ಯಂತ್ರವನ್ನು ಮುಟ್ಟಲಿಲ್ಲ. ಚಾಲಕನನ್ನು ಕರೆದು, "ದೀಪ ಯಾವಾಗ ಹತ್ತುತ್ತದೆ?" ಎಂದು ಕೇಳಿದರು. ಮೂರು ಗ್ಯಾರೇಜುಗಳಲ್ಲಿ ಯಾರೂ ಅವನನ್ನು ಈ ಮಾತು ಕೇಳಿರಲಿಲ್ಲ. ಊರೊಳಗೆ ಎಷ್ಟು ಓಡಿಸಿದರೂ ಹತ್ತದೆಂದೂ, ಭಾರ ಹೇರಿಕೊಂಡು ಚಾಂದವಡದ ಕಡೆಗೆ ರಾಹುಡ್ ಘಾಟ್ ಏರುವಾಗ ಶಕ್ತಿ ಕುಂದಿ, 'ಸುಂಯ್' ಎಂಬ ಸದ್ದು ಕೇಳಿಸಿ, ಆಮೇಲೆ ಹತ್ತುತ್ತದೆಂದೂ ಅವನು ಅಂಜುತ್ತಂಜುತ್ತ ಹೇಳಿದನು.

ಮೇಸ್ತ್ರಿಯು ತಪಾಸಣಾ ಯಂತ್ರವನ್ನು ಜೋಡಿಸಿ ಸಂಕೇತದ ಜೊತೆಯಲ್ಲೇ ಉಳಿದಿರುವ ಇನ್ನೊಂದು ದಾಖಲೆಯನ್ನು ತೆರೆದರು. ದೋಷ ಕಂಡ ಕ್ಷಣದಲ್ಲಿ ಎಂಜಿನಿನ ವೇಗ, ಹೊರೆ, ಶಾಖ ಎಷ್ಟಿದ್ದುವೆಂಬುದು ಅದರಲ್ಲಿ ಅಚ್ಚೊತ್ತಿದಂತೆ ಇರುತ್ತದೆ. ಹೊರೆ ಪೂರ್ಣದ ಸಮೀಪ, ವಾಹನದ ವೇಗ ಅಲ್ಪ: ಅದು ಘಾಟಿನ ಏರೇ. ಹುಡುಗನ ಮಾತೂ ಯಂತ್ರದ ಮಾತೂ ಒಂದಾದುವು. ಬ್ಯಾಟರಿಯ ತಂತಿ ಕಳಚುವುದೆಂದರೆ ಸಾಮಾನ್ಯವಾಗಿ ಈ ದಾಖಲೆಯನ್ನೇ ಅಳಿಸಿದಂತೆ. ಕಳವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ಟರ್ಬೊದಿಂದ ಹೊರಟ ಗಾಳಿಯು ರಬ್ಬರು ಕೊಳವೆಗಳ ಮೂಲಕ ತಂಪುಗೊಳಿಸುವ ಪೆಟ್ಟಿಗೆಗೆ ಹೋಗಿ ಅಲ್ಲಿಂದ ಎಂಜಿನನ್ನು ಸೇರುತ್ತದೆ. ಮೇಸ್ತ್ರಿಯು ಕೊಳವೆಗಳ ಅಡಿಭಾಗದಲ್ಲಿ ಕೈಯಾಡಿಸಿದರು. ಒಂದೆಡೆ ಎಣ್ಣೆಯ ಜಿಡ್ಡು ಅಂಟಿತು. ಕೊಳವೆಯ ಮಾರ್ಗದ ಎರಡೂ ಬಾಯಿಗಳನ್ನು ಮುಚ್ಚಿ, ಕಂಪ್ರೆಸರಿನಿಂದ ಹಿತಮಿತವಾಗಿ ಗಾಳಿ ತುಂಬಿ, ಸಾಬೂನಿನ ನೀರು ಸವರಿದಾಗ ಕ್ಲಿಪ್ಪಿನ ಪಕ್ಕದಿಂದ ನೊರೆಯು ಉಕ್ಕಿ ಬಂದಿತು. ಬೆರಳುದ್ದದ ಬಿರುಕು! ಒತ್ತಡವಿಲ್ಲದಾಗ ಅದು ಮುಚ್ಚಿಕೊಳ್ಳುತ್ತಿತ್ತು. ಘಾಟು ಏರುವಾಗ ಬಾಯಿ ಬಿಡುತ್ತಿತ್ತು. ಗ್ಯಾರೇಜಿನ ಸಮತಟ್ಟಾದ ನೆಲದಲ್ಲಿ ನಿಂತ ಗಾಡಿಯು ನಿರ್ದೋಷಿಯಾಗಿ ಕಂಡುದರಲ್ಲಿ ಆಶ್ಚರ್ಯವೇನು?

"ಹಾಗಾದರೆ ಡೀಸೆಲ್?" ಎಂದು ಯಜಮಾನರು ಕೇಳಿದರು. ಮೇಸ್ತ್ರಿಯ ಉತ್ತರ ಸರಳವಾಗಿತ್ತು. ಅಳತೆಗೆ ಸಿಕ್ಕ ಗಾಳಿಯು ದಾರಿಯಲ್ಲೇ ಸೋರಿದರೆ ಡೀಸೆಲ್ ಸರಿಯಾಗಿ ಉರಿಯದೆ ಮಸಿಯಾಗುತ್ತದೆ. ಹಿಂದಿನ ಕಾಲದ ಲಾರಿಯಾಗಿದ್ದರೆ ಕಪ್ಪು ಹೊಗೆಯೇ ದೂರು ಹೇಳುತ್ತಿತ್ತು, ಬಿ.ಎಸ್. 6 ಗಾಡಿಯಲ್ಲಿ ಆ ಮಸಿಯನ್ನು ಹೊಗೆಕೊಳವೆಯೊಳಗಿನ ಸೋಸುಗವು ಹಿಡಿದಿಡುತ್ತದೆ. ಸೋಸುಗ ತುಂಬಿದಾಗ ಎಂಜಿನು ಹೆಚ್ಚಿನ ಡೀಸೆಲ್ಲನ್ನು ವ್ಯಯಿಸಿ, ಸುಮಾರು 600 ಡಿಗ್ರಿ ಶಾಖವೆಬ್ಬಿಸಿ ಅದನ್ನು ಸುಟ್ಟು ಶುದ್ಧಿಮಾಡಿಕೊಳ್ಳುತ್ತದೆ. ಮಸಿ ಬೇಗ ಬೇಗ ತುಂಬಿದಷ್ಟೂ ಈ ಸುಡುವಿಕೆ ಪದೇ ಪದೇ ನಡೆಯುವುದು. ಕದ್ದವನು ಹುಡುಗನಲ್ಲ, ಬಿರುಕು. ಮೂರನೆಯ ಗ್ಯಾರೇಜಿನವರು ಈ ಸೋಸುಗವನ್ನೇ ಕಿತ್ತೆಸೆಯುವ ಸಲಹೆಯನ್ನೂ ಕೊಟ್ಟಿದ್ದರೆಂದು ಆಗ ತಿಳಿಯಿತು. ಅದು ಕಾನೂನಿಗೆ ವಿರುದ್ಧ. ಅದರಿಂದ ಬಿರುಕು ಮುಚ್ಚುತ್ತಲೂ ಇರಲಿಲ್ಲ.

ಹಳದಿ ದೀಪ ಕಂಡೊಡನೆ ರಸ್ತೆಯಲ್ಲೇ ಹೌಹಾರಬೇಕಾದುದಿಲ್ಲವೆಂದು ಮೇಸ್ತ್ರಿ ಹೇಳಿದರು. ಆದರೆ ಪೆಟ್ರೋಲ್ ಗಾಡಿಯಲ್ಲಿ ಅದು ಮಿನುಗತೊಡಗಿದರೆ, ಅಥವಾ ಯಾವುದೇ ಗಾಡಿಯಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿದರೆ, ಒಂದು ಮೈಲಿಯೂ ಮುಂದೆ ಹೋಗಬಾರದು.

ಹೊಸ ಕೊಳವೆಗೂ ಕೂಲಿಗೂ ಸೇರಿ ಎರಡು ಸಾವಿರ ರೂಪಾಯಿ ಪೂರ್ತಿ ಹಿಡಿಯಲಿಲ್ಲ. ಸಂಕೇತವನ್ನು ಅಳಿಸಿದ ಮೇಲೂ ಮೇಸ್ತ್ರಿಯು ಹಣ ಮುಟ್ಟದೆ, "ಮೊದಲು ಘಾಟು ಹತ್ತಿ ಬನ್ನಿ" ಎಂದರು. ಮರುದಿನ ಮುಂಜಾನೆ ಈರುಳ್ಳಿ ಹೇರಿಕೊಂಡು ಹೊರಟೆವು. ಯಜಮಾನರೂ ನಮ್ಮೊಡನೆ ಒತ್ತಿಕೊಂಡು ಕುಳಿತರು. ರಾಹುಡ್ ಘಾಟಿನ ಏರಿನಲ್ಲಿ ಮೂವರ ಕಣ್ಣುಗಳೂ ರಸ್ತೆಗಿಂತ ಹೆಚ್ಚಾಗಿ ಫಲಕದ ಮೇಲೆಯೇ ಇದ್ದುವು. ದೀಪ ಹತ್ತಲಿಲ್ಲ. ಚಾಂದವಡದಲ್ಲಿ ಚಹಕ್ಕೆ ನಿಂತಾಗ ಯಜಮಾನರು ಹಿಡಿದಿಟ್ಟುಕೊಂಡಿದ್ದ ಸಂಬಳವನ್ನು ಎಣಿಸಿ ಹುಡುಗನ ಕೈಗಿತ್ತರು. ಅವನು ಇನ್ನೊಮ್ಮೆ ಎಣಿಸಿ ನೋಡಿ, ನೂರು ರೂಪಾಯಿ ಕಡಿಮೆಯಿದೆಯೆಂದು ಹೇಳಿದನು. ಅದೂ ನಿಜವಾಗಿತ್ತು.